ಎರ್ಮೊಲಾವೊ ಬರೆದ ಕೆಂಪು ಬಾಣ

ವಿಧವೆ ನೊರೀನಾ ಎರ್ಮೊಲಾವೊನನ್ನು ಮದುವೆಯಾಗಲು ಒಪ್ಪಿದ್ದಳು, ಆದರೆ ಒಂದು ಷರತ್ತಿನ ಮೇಲೆ. ಅವನ ಅಂಗಳ ಅವನು ಹೇಳಿದಷ್ಟೇ ಪ್ರಶಾಂತವಾಗಿರಬೇಕು. ಸೇತುವೆ ಪಕ್ಕದ ಅವಳ ಮನೆ ಮೆಟ್ಟಿಲ ಮೇಲೆ ಪ್ರವಾಸಿಗರು ಪಿಜ್ಜಾ ತಿಂದು, ಅವಳು ಒಣಹಾಕಿದ ದುಪ್ಪಟಿಗೆ ಕೈ ಒರೆಸಿಕೊಂಡು ಹೋಗುತ್ತಿದ್ದರು.

"ನಮ್ಮ ಅಂಗಳಕ್ಕೆ ಬೆಕ್ಕು ಕೂಡ ಕೇಳಿ ಬರುತ್ತೆ" ಎಂದು ಎರ್ಮೊಲಾವೊ ಕೊಚ್ಚಿಕೊಂಡಿದ್ದ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ ಎಂದಿದ್ದಳು ಅವಳು.

ವೆನಿಸ್ಸಿಗೆ ಬಂದವರೆಲ್ಲ ಆ ಭಾನುವಾರವೇ ದಾರಿ ತಪ್ಪಬೇಕೆ? ಅವನು ಅಂಗಳದಲ್ಲಿ ಮೇಜು ಹಾಕಿ, ಈರುಳ್ಳಿ ಹುಳಿಯಲ್ಲಿ ನೆನೆಸಿದ ಬೂತಾಯಿ ಮೀನು ಇಡುವಷ್ಟರಲ್ಲಿ ಗಲ್ಲಿಯಿಂದ ಜನ ನುಗ್ಗಿತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಊರಿನ ದೊಡ್ಡ ಚೌಕ ಸಾನ್ ಮಾರ್ಕೊ ಎಲ್ಲಿ? ಹಗ್ಗದ ಮೇಲಿದ್ದ ಅವನ ಉದ್ದ ಚಡ್ಡಿಯ ಕೆಳಗೆ ಹೆಂಡತಿಯನ್ನು ನಿಲ್ಲಿಸಿ ಒಬ್ಬ ಫೋಟೊ ತೆಗೆದ. ಹುಲ್ಲಿನ ಟೋಪಿಯ ಒಬ್ಬ ಮಹಾರಾಯ ಹೋಟೆಲ್ ಎಂದುಕೊಂಡು ನೊರೀನಾಳ ಕುರ್ಚಿಯಲ್ಲೇ ಕೂತು, ನೀರು ತಾ ಎಂದ. ಮನುಷ್ಯನ ಮನೆಯಂಗಳ ಯಾವುದು, ಮ್ಯೂಸಿಯಂ ಯಾವುದು ಎಂದು ತಿಳಿಯದ ಜನ ಮನೆಬಿಟ್ಟು ಯಾಕೆ ಹೊರಡುತ್ತಾರೋ.

ಮೇಲಿನ ಕಿಟಕಿಯಿಂದ ನೆರೆಯ ಬಾಸ್ತಿಯಾನ್ ಕೂಗಿದ. "ಲೇ ಎರ್ಮೊ, ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಗಲ್ಲಿ ಬಾಯಲ್ಲಿ ಒಂದು ಬಾಣ ಬರಿ. ಈ ಊರಿನ ಗೋಡೆ ಮೇಲಿರೋ ಬಾಣನೆಲ್ಲ ಯಾರು ಬರೆದಿದ್ದು ಅನ್ಕೊಂಡೆ? ನಮ್ಮಂಥೋರೇ."

"ಯಾವ ಕಡೆಗೆ ಬರೀಲಿ?"

"ನಮ್ಮ ಕಡೆ ಬಿಟ್ಟು ಯಾವ ಕಡೆಗಾದ್ರೂ."

ಕಿಟಕಿಯಿಂದ ಬುಟ್ಟಿಯಲ್ಲಿ ದೋಣಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ಕೆಳಗಿಳಿಯಿತು. ಎರ್ಮೊಲಾವೊ ಸಿಟ್ಟಿನ ಭರದಲ್ಲಿ ಮೊಳದುದ್ದದ ಬಾಣ ಎಳೆದು, ಮೇಲೆ ಸಾನ್ ಮಾರ್ಕೊ ಎಂದು ಬರೆದ. ಹುಲ್ಲಿನ ಟೋಪಿಯವನೂ ಸೇರಿ ಎಲ್ಲರೂ ಅತ್ತ ತಿರುಗಿ ಹೋದರು. ಅಂಗಳ ತಣ್ಣಗಾಯಿತು. ಕೈಗೆ ಹತ್ತಿದ ಬಣ್ಣ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಮಧ್ಯಾಹ್ನ ನೊರೀನಾ ಗಲ್ಲಿಯ ಇನ್ನೊಂದು ತುದಿಯಿಂದ ಬಂದಳು. ಮುಖ ಕೆಂಡದಂತಿತ್ತು.

"ಯಾವನೋ ಅವಿವೇಕಿ ಎಲ್ಲೋ ಬಾಣ ಬರೆದಿದಾನೆ ಕಣ್ರೀ. ಊರಿಗೂರೇ ನನ್ನ ಬಾಗಿಲಿಗೆ ಬಂತು. ಒಬ್ಬ ಅಡುಗೆಮನೆವರೆಗೂ ನುಗ್ಗಿ, ಒಳಗೆ ನೋಡೋಕೆ ಟಿಕೆಟ್ ಎಷ್ಟು ಅಂದ. ಆ ಬಾಣ ಬರೆದೋನು ಸಿಗಲಿ."

"ಎಂಥೆಂಥ ಜನ ಇರ್ತಾರೆ" ಎಂದು ಎರ್ಮೊಲಾವೊ ಕೈಯನ್ನು ಮೇಜಿನ ಬಟ್ಟೆಯೊಳಗೆ ತೂರಿಸಿದ. "ಆಮೇಲೆ?"

"ಆಮೇಲೇನು, ನಮ್ಮ ಯಜಮಾನ್ರ ದೋಣೀದು ಹಸಿರು ಬಣ್ಣ ಉಳಿದಿತ್ತು. ನಾನೂ ಒಂದು ಬಾಣ ಬರೆದೆ."

ಎರ್ಮೊಲಾವೊ ಗಲ್ಲಿಯ ಕಡೆ ನೋಡಿದ. "ಯಾವ ಕಡೆಗೆ?"

"ನನ್ನ ಕಡೆ ಬಿಟ್ಟು ಯಾವ ಕಡೆಗಾದ್ರೂ."

ಅಷ್ಟರಲ್ಲಿ ಅವಳು ಬಂದ ತುದಿಯಿಂದಲೇ ಗೈಡಿನ ಹಳದಿ ಕೊಡೆ ಕಾಣಿಸಿತು, ಅದರ ಹಿಂದೆ ಜಾತ್ರೆ. ನೊರೀನಾ ಅವರನ್ನೇ ನೋಡುತ್ತ ನಿಂತಳು. ಅವಳ ಮುಖ ನಿಧಾನವಾಗಿ ಅರಳಿತು.

"ಅಂದ್ರೆ ಈಗ ನಮ್ಮನೆ ಹತ್ರ ಯಾರೂ ಇಲ್ಲ."

"ನೊರೀನಾ, ಕೂತ್ಕೊಳ್ಳಿ" ಎಂದು ಎರ್ಮೊಲಾವೊ ತಡೆಯಲು ಕೈ ಚಾಚಿದ. ಅಂಗೈ ಕೆಂಪಗಿತ್ತು. ಅವಳು ಅದನ್ನು ನೋಡಿದಳು.

"ಟರ್ಪಂಟೈನ್ ಹಾಕಿ ತಿಕ್ಕಿ, ಹೋಗುತ್ತೆ" ಎಂದು ಬೂತಾಯಿ ತಟ್ಟೆ ಎತ್ತಿಕೊಂಡಳು. "ಮದುವೆಯಾಗಿ ಬಂದಾಗಿಂದ ಆ ಮನೇಲಿ ಇಂಥ ನೆಮ್ಮದಿ ಸಿಕ್ಕಿರ್ಲಿಲ್ಲ. ಇನ್ನು ಅದನ್ನ ಬಿಟ್ಟು ನಿಮ್ಮಲ್ಲಿಗೆ ನಾನ್ಯಾಕೆ ಬರ್ಲಿ?"

ಅವಳು ಹೋದಳು. ಅವಳ ಕುರ್ಚಿಯಲ್ಲಿ ಹುಲ್ಲಿನ ಟೋಪಿಯ ಮಹಾರಾಯ ಬಂದು ಕೂತು, ಆಗಲೇ ಹೇಳಿದ ನೀರು ಇನ್ನೂ ಬಂದಿಲ್ಲವಲ್ಲ ಎಂದು ಗದರಿದ.