ಗಾಳಿ ಹೊಡೆದ ಟೆಲಿಫೋನು

ಒಗ್ನೆನ್: ಶೀತ ಆಗೋಕೆ ಫೋನೇನು ಕೂಸೇ, ದೇಸಾ ಚಿಕ್ಕಮ್ಮ?

ದೇಸಂಕಾ: ಮತ್ತೆ ಪ್ರತಿ ಸಲ ಅರ್ಧಕ್ಕೇ ಯಾಕಪ್ಪಾ ಮಲಗುತ್ತೆ? ಬಂದವನೇ ಆ ಕಡೆ ಕಿಟಕಿ ತೆಗೆದೆ, ಈ ಕಡೆ ಬಾಗಿಲು ತೆಗೆದೆ. ನಡುವೆ ಗಾಳಿ ಸುಯ್ಯಂತ ಹೊಡೀತಿದೆ. ಮನುಷ್ಯರನ್ನೇ ಮಲಗಿಸೋ ಗಾಳಿ, ಫೋನನ್ನ ಬಿಡುತ್ತಾ?

ಊರಿನ ನೀರು ಸರಬರಾಜು ಕಚೇರಿಯ ಮೇಜು ಫೋನುಗಳಿಗೆಲ್ಲ ಹೊಸ ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ, ಹಾಕುವ ಕೆಲಸ ಒಗ್ನೆನ್‌ನ ತಲೆಗೆ ಬಂದಿತ್ತು. ಜತೆಗೆ ಈ ಕಚೇರಿಯ ಹಿರಿಯ ಗುಮಾಸ್ತೆ, ಅವನ ಅಮ್ಮನ ಹಳೇ ಗೆಳತಿ ದೇಸಂಕಾ ಕೂಡ. ಇವತ್ತೇ ಮುಗಿಸದಿದ್ದರೆ ಅವನ ಕಥೆ ಮುಗಿದಂತೆ. ನಾಳೆ ಅವನ ಮನೆಯಲ್ಲಿ ಸ್ಲಾವಾ, ಕುಲದ ಸಂತನ ಹಬ್ಬ. ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕಾದವನು ಅವನೇ. ಆ ಹೊತ್ತಿಗೆ ಇಲ್ಲಿ ಕೂತಿದ್ದರೆ ಅಮ್ಮ ಚರ್ಮ ಸುಲಿಯುತ್ತಾಳೆ.

ದೇಸಂಕಾ ಎದ್ದು ಕಿಟಕಿ ಮುಚ್ಚಿದಳು.

ಒಗ್ನೆನ್: ಅಯ್ಯೋ, ಮುಚ್ಚಬೇಡಿ! ಗೋಡೆ ಬೀರುವಿನೊಳಗಿನ ಪೆಟ್ಟಿಗೆ ಕಾದು ಕೆಂಡ ಆಗಿದೆ. ಎಲ್ಲ ಫೋನಿಗೂ ಕರೆಂಟು ಬರೋದು ಅದರಿಂದಲೇ. ಅದು ಆರಿದ್ರೆ ಅಪ್‌ಗ್ರೇಡೂ ಅಲ್ಲೇ ಗೋತಾ!

ದೇಸಂಕಾ: ಬಿಸಿ ಆಗಿದ್ರೆ ಒಳ್ಳೇದೇ ಅಲ್ವಾ? ನವೆಂಬರ್‌ನಲ್ಲಿ ಬೆಚ್ಚಗಿರೋದು ತಪ್ಪಾ?

ಒಗ್ನೆನ್: ಅದಕ್ಕೆ ತಪ್ಪೇ!

ಅವನು ಕಿಟಕಿ ತೆಗೆದ. ಅವಳು ಮುಚ್ಚಿದಳು. ಅವನು ಮತ್ತೆ ತೆಗೆದು, ಕಾವಲಿಗೆ ಅದರ ಕೆಳಗೇ ನೆಲದ ಮೇಲೆ ಕೂತ. ಕೇಬಲ್ ಬದಲಾಯಿಸಿದ. ಮತ್ತೆ ಶುರುಮಾಡಿದ. ಅರ್ಧ ದಾಟಿದ್ದೇ ತಡ, ಸಾಲುಸಾಲಾಗಿ ಫೋನುಗಳೆಲ್ಲ ಕಣ್ಣುಮುಚ್ಚಿದವು.

ದೇಸಂಕಾ: ನೋಡು, ಮತ್ತೆ ಗಾಳಿ ಹೊಡೀತು.

ಒಗ್ನೆನ್: ಈ ದೇಶದಲ್ಲಿ ಗಾಳಿಯಿಂದ ಒಂದು ಸೊಳ್ಳೆಯೂ ಸತ್ತಿಲ್ಲ, ಚಿಕ್ಕಮ್ಮ!

ದೇಸಂಕಾ: ನನ್ನ ಗಂಡನ ಸೊಂಟ ಹಿಡಿದಿದ್ದು ಯಾತರಿಂದ? ಬಸ್ಸಿನ ಕಿಟಕಿಯಿಂದ. ನಿನ್ನಂಥವನೇ ಒಬ್ಬ ತೆಗೆದಿಟ್ಟಿದ್ದ.

ಒಗ್ನೆನ್ ರೇಗಿಕೊಂಡು ಬೀರುವಿನೊಳಗೆ ತೋಳುದ್ದ ಕೈ ಹಾಕಿದ. ಹಿಂದುಗಡೆ ಏನೋ ಮೆತ್ತಗೆ ಸಿಕ್ಕಿತು. ಎಳೆದರೆ ಉಣ್ಣೆಯ ಶಾಲು, ನಾಲ್ಕು ಮಡಿಕೆ, ಸುಡುಸುಡು.

ಒಗ್ನೆನ್: ಇದನ್ನ ಇಲ್ಲಿ ತುರುಕಿದ್ದು ಯಾರು?

ದೇಸಂಕಾ: ನಾನೇ. ಅದರ ಫ್ಯಾನು ಬೀರುವಿನ ಸಂದಿಯಿಂದ ನೇರ ನನ್ನ ಕತ್ತಿಗೇ ಊದುತ್ತಿತ್ತು.

ಒಗ್ನೆನ್: ಅದು ಪೆಟ್ಟಿಗೆ ಉಸಿರಾಡೋ ಜಾಗ, ಚಿಕ್ಕಮ್ಮ! ಬಾಯಿಗೆ ಬಟ್ಟೆ ತುರುಕಿ ಓಡು ಅಂದ್ರೆ ಯಾರು ತಾನೆ ಓಡ್ತಾರೆ?

ದೇಸಂಕಾ: ಇಷ್ಟು ದಿನ ಓಡ್ತಿತ್ತಲ್ಲ!

ಒಗ್ನೆನ್: ಇಷ್ಟು ದಿನ ನಡೀತಿತ್ತು. ಓಡಿಸಿದ್ದು ಇವತ್ತು.

ಒಗ್ನೆನ್ ಶಾಲನ್ನು ಮೇಜಿನ ಮೇಲೆಸೆದು ಮತ್ತೆ ಶುರುಮಾಡಿದ. ಪೆಟ್ಟಿಗೆ ತಣ್ಣಗಾಯಿತು. ಅಪ್‌ಗ್ರೇಡ್ ಅರ್ಧ ದಾಟಿತು, ಮುಕ್ಕಾಲು ದಾಟಿತು. ಕೊನೆಗೆ ಕೋಣೆ ಕೋಣೆಯಲ್ಲೂ ಫೋನುಗಳು ಕಿಣಿಕಿಣಿ ಅಂದು ಎದ್ದು ಕೂತವು. ಒಗ್ನೆನ್‌ಗೆ ಕುಣಿಯುವಷ್ಟು ಖುಷಿ. ಈಗ ಸರಿಯಾಗಿ ಕುಟುಕಬೇಕು ಎಂದು ದೇಸಂಕಾಳ ಕಡೆ ತಿರುಗಹೋದ.

ಮೈ ತಿರುಗಿತು, ತಲೆ ಬರಲಿಲ್ಲ.

ದೇಸಂಕಾ: ಯಾಕೋ ಹಾಗೆ ಗೋಡೆ ನೋಡ್ತಾ ನಿಂತೆ?

ಒಗ್ನೆನ್: ಏನಿಲ್ಲ... ಗೋಡೆ ಚೆನ್ನಾಗಿದೆ.

ದೇಸಂಕಾ: ಕತ್ತು ಹಿಡ್ಕೊಂಡಿದೆ.

ಒಗ್ನೆನ್: ಇಲ್ಲ! ಅಯ್ಯಮ್ಮಾ!

ಅವಳು ಆ ಶಾಲನ್ನೇ ಅವನ ಕತ್ತಿಗೆ ಸುತ್ತಿ, ಡ್ರಾಯರಿನಿಂದ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ತೆಗೆದು ಒಂದು ಗುಟುಕು ಕುಡಿಸಿದಳು. ಆಮೇಲೆ ಫೋನಿಗೆ ಕೈ ಹಾಕಿದಳು.

ಒಗ್ನೆನ್: ಯಾರಿಗೆ ಮಾಡ್ತಿದ್ದೀರಿ? ಬೇಡ, ನಿಮ್ಮ ದಮ್ಮಯ್ಯ! ಕಿಟಕಿ ವಿಷಯ ಮಾತ್ರ ಹೇಳಬೇಡಿ!

ದೇಸಂಕಾ: ಹಲೋ, ಯಾಸ್ನಾ? ಅಪ್‌ಗ್ರೇಡ್ ಆದ ಫೋನಲ್ಲಿ ಮೊದಲ ಕರೆ ನಿನಗೇ ಕಣೇ. ನಿನ್ನ ಮಗ ನಾಳೆ ಬಾಗಿಲಲ್ಲಿ ನಿಲ್ತಾನೆ, ಚಿಂತೆ ಬಿಡು. ಆದರೆ ಬಂದವರು ಎಡಗಡೆಯಿಂದ ಬಂದರೆ ಮಾತ್ರ ಕಾಣಿಸೋದು. ಹೌದು... ಹೌದು, ಕಿಟಕಿ ಕೆಳಗೇ ಕೂತಿದ್ದ. ಬಾಗಿಲೂ ತೆಗೆದೇ ಇತ್ತು.

ಅಷ್ಟೇ, ಆ ಕಡೆಯಿಂದ ಯಾಸ್ನಾಳ ಕಿರುಚಾಟ ಶುರುವಾಯಿತು. ದೇಸಂಕಾ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು, ಒಗ್ನೆನ್‌ನ ಕಡೆ ತುಂಬ ಮೆಚ್ಚುಗೆಯಿಂದ ನೋಡಿದಳು.

ದೇಸಂಕಾ: ಭೇಷ್ ಕಣೋ! ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ!