ಕಡಲಿಗಿಳಿದ ಹರಿಗೋಲು

ಹಿತ್ತಾಳೆ ದೀಪ ತಿಕ್ಕಿ ಫಳಫಳಿಸಬಲ್ಲ ನನಗೆ ಒಂದು ಚಿತ್ರ ತೊಳೆಯುವುದು ಯಾವ ಮಹಾ ವಿದ್ಯೆ ಎಂಬ ದೃಢ ನಂಬಿಕೆಯಿತ್ತು.

ಚಿತ್ರ ಹೆಂಡತಿ ಶಾರದೆಯ ತವರಿನದು. ಅವಳ ಮುತ್ತಜ್ಜ ಬಳ್ಳಾರಿಯಲ್ಲಿ ಒಬ್ಬ ಬಿಳಿ ದೊರೆಯ ಮನೆಗೆ ಅಡುಗೆ ಮಾಡುತ್ತಿದ್ದರಂತೆ. ದೊರೆ ಊರು ಬಿಡುವಾಗ ಕೊಟ್ಟುಹೋದ ಹತ್ತೊಂಬತ್ತನೇ ಶತಮಾನದ ತೈಲಚಿತ್ರ: ಅಲೆಯಿಲ್ಲದ ಕಡಲು, ಗಾಳಿಯಿಲ್ಲದೆ ಹಾಯಿ ಇಳಿಬಿಟ್ಟು ನಿಂತ ದೋಣಿಗಳು. ಸಿರುಗುಪ್ಪದ ಅವಳ ತವರಿನವರು ಅದನ್ನು ದೇವರ ಫೋಟೊಗಳ ಸಾಲಿಗೇ ಸೇರಿಸಿ ತಲೆಮಾರುಗಟ್ಟಲೆ ಊದುಬತ್ತಿ ಬೆಳಗಿದ್ದರು. ಹೊಗೆಗೆ ಕಡಲೆಲ್ಲ ಕರ್ರಗಾಗಿತ್ತು. ನಾವು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ ಮಾಡಿದಾಗ ಮಾವ ಅದನ್ನು ಮಗಳ ಕೈಗಿಟ್ಟು, "ನಮ್ಮ ಮುತ್ಯಾನ ಗುರ್ತು ಇದೊಂದ ಉಳದೈತಿ, ಜ್ವಾಪಾನ" ಎಂದಿದ್ದರು.

ಈಚೆಗೊಂದು ದಿನ, ಅವರು ಮರುದಿನ ನಮ್ಮ ಮನೆಗೆ ಬರುತ್ತಾರೆಂದು ತಿಳಿದದ್ದೇ ತಡ, ನಾನು ಹುಣಸೆಹಣ್ಣು, ವಿಭೂತಿ ಹಿಡಿದು ಕೂತೆ.

"ರೀ, ಅದನ್ನ ಮುಟ್ಟಬ್ಯಾಡ್ರಿ" ಎಂದಳು ಶಾರದೆ.

"ನೀ ಸುಮ್ಕಿರು. ನಿಮ್ಮಪ್ಪ ನೋಡಿ ಬೆರಗಾಗಬೇಕು, ಹಂಗ ಮಾಡ್ತೀನಿ."

ಚಿತ್ರದ ಮೂಲೆಯಲ್ಲಿ ಉಜ್ಜಿದೆ. ಆಕಾಶ ನೀಲಿಯಾಗಿ ತೆರೆಯಿತು. ಹುರುಪು ಬಂತು, ಇನ್ನಷ್ಟು ಉಜ್ಜಿದೆ. ಒಂದು ದೋಣಿ ಅಳಿಸಿ, ಉಜ್ಜುವ ಬಟ್ಟೆಗೇ ಬಂತು!

ಶಾರದೆ ಬೈಯಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡಳು. ಬೈದಿದ್ದರೇ ವಾಸಿಯಿತ್ತು. ಚಿತ್ರವನ್ನು ಕಂಕುಳಲ್ಲಿ ಅವಚಿಕೊಂಡು ಪೇಂಟರ್ ಖಾದರ್ ಸಾಬರ ಬಳಿ ಓಡಿದೆ. ಆಟೋಗಳ ಬೆನ್ನಿಗೆ ಗುಲಾಬಿ, ಹುಲಿ ಬರೆಯುವುದರಲ್ಲಿ ಅವರದು ಎತ್ತಿದ ಕೈ.

"ಇಲ್ಲೊಂದು ದೋಣಿ ಬರೀರಿ ಸಾಬ್ರ. ನಾಳಿ ಮಾವ ಬರ್ತಾರ."

"ಫಿಕರ್ ಮಾಡಬ್ಯಾಡ್ರಿ. ಹೊಳಿ ದಂಡ್ಯಾಗ ಹುಟ್ಟಿದಾಂವ ನಾ."

ತೊಂದರೆಯಾದದ್ದೇ ಅಲ್ಲಿ. ಸಂಜೆ ಹೋಗಿ ನೋಡಿದರೆ, ವಿಲಾಯಿತಿ ಕಡಲಿನ ನಟ್ಟನಡುವೆ ತುಂಗಭದ್ರೆಯ ದುಂಡನೆಯ ಹರಿಗೋಲು ತೇಲುತ್ತಿತ್ತು. ಒಳಗೊಬ್ಬ ಕನ್ನಡಕದ ಬೋಳುತಲೆಯವನು. "ಖಾಲಿ ಕಾಣಾಕತ್ತಿತ್ತು, ಅದಕ್ಕ ನಿಮ್ಮನ್ನ ಕುಂದ್ರಿಸೀನಿ" ಎಂದರು ಸಾಬರು, ಬಹಳ ಪ್ರೀತಿಯಿಂದ.

ಮರುದಿನ ಮಾವ ಚಿತ್ರದ ಮುಂದೆ ನಿಂತೇ ನಿಂತರು. ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ.

"ಹೋಗ್ಲಿ ಬಿಡ್ರಿ" ಎಂದರು ಕೊನೆಗೆ. ಅವರ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು. "ಇಷ್ಟು ದಿನ ಇದ್ರಾಗ ನಮ್ಮವರು ಒಬ್ರೂ ಇದ್ದಿಲ್ಲ. ಆದ್ರ ಅಳಿಯಂದ್ರ, ಹುಟ್ಟು ಎಲ್ಲೈತ್ರಿ? ಹುಟ್ಟು ಹಾಕದಿದ್ರ ಹರಿಗೋಲು ನಿಂತಲ್ಲೇ ಗರಗರ ತಿರಗತೈತಿ, ದಡ ಸೇರೂದಿಲ್ಲ."

ಶಾರದೆ ಚಹಾ ತಂದಿಟ್ಟಳು. "ಸಾಬ್ರು ಖರೇನ ಬರದಾರಪ್ಪಾ. ಮದುವಿ ಆದಾಗಿಂದ ಇವ್ರು ಹಿಂಗ ತಿರಗಾಕತ್ತಾರ. ಹುಟ್ಟು ನನ್ನ ಕೈಯಾಗ ಐತಿ."