ಮೂರು ವಾರ ಬಾಯಿ ಮುಚ್ಚಿಕೊಂಡಿದ್ದು

ಸುಮ್ಮನಿದ್ದರೆ ಯಾವ ರಗಳೆಯೂ ಇರೋಲ್ಲ ಅಂತ ಜನ ಹೇಳುತ್ತಾರೆ. ಅವರ್ಯಾರೂ ಸುಮ್ಮನಿದ್ದು ನೋಡಿದವರಲ್ಲ ಅಂತ ಕಾಣುತ್ತೆ. ನನ್ನ ಜನ್ಮದಲ್ಲಿ ನಾನು ಹೆಚ್ಚು ನಗೆಪಾಟಲಾದದ್ದು ಬಾಯಿ ಮುಚ್ಚಿಕೊಂಡಿದ್ದ ಆ ಮೂರು ವಾರದಲ್ಲೇ. ಈಗಲೂ ನೆನಪಾದರೆ ಮೊದಲು ನಗು ಬರುತ್ತೆ, ಹಿಂದೆಯೇ ಕಣ್ಣೂ ತೇವವಾಗುತ್ತೆ.

ಯುದ್ಧದ ಕಾಲ ಅದು. ನಾನು ಮಾಲೂರಿನ ಕಡೆ ಒಂದು ಸ್ಕೂಲಿನಲ್ಲಿ ಮೇಷ್ಟ್ರು. ಒಂದೇ ಹಜಾರ, ನಾಲ್ಕು ಕ್ಲಾಸು, ಮಧ್ಯೆ ಗೋಡೆ ಇಲ್ಲ. ಪಕ್ಕದ ಮೇಷ್ಟ್ರು ಭೂಗೋಳ ಕೂಗಿದರೆ ನಾನು ಅದಕ್ಕಿಂತ ಜೋರಾಗಿ ಮಗ್ಗಿ ಕೂಗಬೇಕು. ಹನ್ನೆರಡು ವರ್ಷ ಹೀಗೆ ಕೂಗಿದ ಮೇಲೆ ಒಂದು ಚಳಿಗಾಲ ಗಂಟಲು ಕೈಕೊಟ್ಟಿತು. ಕೋಲಾರದ ಡಾಕ್ಟರೊಬ್ಬರು ಬಾಯೊಳಗೆ ದೀಪ ಬಿಟ್ಟು ನೋಡಿ, "ಮೂರು ವಾರ ಒಂದು ಮಾತೂ ಕೂಡದು. ಪಿಸುಮಾತೂ ಕೂಡದು. ಆಮೇಲೆ ದನಿ ಬಂದರೆ ಬಂತು. ಬರದಿದ್ದರೆ ಬೇರೆ ಕೆಲಸ ನೋಡ್ಕೊಳ್ಳಿ ಮೇಷ್ಟ್ರೇ" ಅಂದರು. ನನಗೆ ಗೊತ್ತಿದ್ದ ಕೆಲಸ ಅದೊಂದೇ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು.

ಮನೆಯಲ್ಲೇ ಸುಮ್ಮನಿರಲು ನೋಡಿದೆ. ಸಂಜೆಯೊಳಗೆ ಹೆಂಡತಿ ಅಳಲು ಶುರು ಮಾಡಿದಳು. "ಡಾಕ್ಟರು ಹೇಳಿದ್ದು ನಂಗೂ ಗೊತ್ತು. ಆದರೂ ಇಷ್ಟು ಚೆನ್ನಾಗಿ ಸುಮ್ಮನಿರ್ತೀರಲ್ಲ, ನನ್ನ ಮೇಲೆ ಏನೋ ಸಿಟ್ಟಿದೆ" ಅಂದಳು.

ಆಗ ಬಂದವನು ನನ್ನ ಬಾಲ್ಯದ ಗೆಳೆಯ. ಕೋಲಾರದ ಪೇಟೆಯಲ್ಲಿ ದರ್ಜಿ. ಬೆಳಗಿನಿಂದ ಸಂಜೆವರೆಗೂ ಅವನ ಕಾಲು ಹೊಲಿಗೆ ಮಿಷನ್ನು ತುಳಿಯುತ್ತಿದ್ದರೆ ಬಾಯಿ ಊರನ್ನೆಲ್ಲ ಸುತ್ತುತ್ತಿತ್ತು. "ನಮ್ಮ ದೊಡ್ಡಮ್ಮನ ಊರಿಗೆ ಹೋಗೋಣ ನಡಿ. ಬೆಟ್ಟದ ಮೇಲೆ ಹತ್ತಿಪ್ಪತ್ತು ಮನೆ, ನರಪಿಳ್ಳೆ ಸದ್ದಿರಲ್ಲ. ನೀನು ಸುಮ್ಮನಿರು, ನಿನ್ನ ಪಾಲಿನ ಮಾತೂ ನಾನೇ ಆಡ್ತೀನಿ ಕಣೋ" ಅಂದ. ಆ ಕೊನೆಯ ಮಾತನ್ನು ನಾನು ಸರಿಯಾಗಿ ಯೋಚಿಸಬೇಕಿತ್ತು.

ಮೂರು ಭಾಷೆ

ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮಸಿ ಬಳಿದುಕೊಂಡು ಕೋಲಾರಕ್ಕೆ ಬಂದು ಇಳಿದೆವು. ಊರ ಪಕ್ಕದ ಬೆಟ್ಟದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿ, ಬಂಡೆಗಳ ಸಂದಿಯಲ್ಲಿ ನುಸುಳಿ ಮೇಲಕ್ಕೆ ಹೊರಟೆವು. ಗೆಳೆಯ ಬೀಡಿ ಹಚ್ಚಲು ಗಾಳಿ ಮರೆ ಹುಡುಕಿಕೊಂಡು ಹಿಂದೆ ಉಳಿದ. ಮುಂದೆ ಬಂಡೆಯ ಮೇಲೆ ಮೇಕೆ ಕಾಯುತ್ತಿದ್ದ ಮುದುಕನೊಬ್ಬ ಕಂಬಳಿ ಹೊದ್ದು ಕೂತಿದ್ದ.

"ಯಾವೂರಾಯ್ತು ಸ್ವಾಮಿ?" ಅಂದ. ನಾನು ನಕ್ಕು ಕೈ ಮುಗಿದೆ.

ಕನ್ನಡ ಬರೋಲ್ಲ ಅಂದುಕೊಂಡನೋ ಏನೋ, "ಏ ಊರಯ್ಯಾ ಮೀದಿ?" ಅಂತ ತೆಲುಗಿನಲ್ಲಿ ಕೇಳಿದ. ನಾನು ಮತ್ತೆ ಕೈ ಮುಗಿದೆ. ಮುದುಕ ಕಂಬಳಿ ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಂ ಜಾತೇ ಸಾಬ್?" ಅಂತ ಉರ್ದುವಿನಲ್ಲೂ ಕೇಳಿದ. ಗಂಟಲು ಮುಟ್ಟಿ ತೋರಿಸಿದೆ. ಬಾಯಾರಿಕೆ ಅಂತ ತಿಳಿದು ಸೋರೆಬುರುಡೆಯಿಂದ ನೀರು ಕೊಟ್ಟ. ಕುಡಿದೆ. ಕುಡಿದ ಮೇಲಾದರೂ ಮಾತಾಡಿಯಾನು ಅಂತ ಕಾದ. ನಾನು ಮೂರನೇ ಸಲ ಕೈ ಮುಗಿದೆ.

ಅಷ್ಟರಲ್ಲಿ ಗೆಳೆಯ ಬಂದು, "ಇವರು ಮೇಷ್ಟ್ರು, ತುಂಬಾ ಓದಿದೋರು" ಅಂದ. ಮುದುಕನಿಗೆ ಎಲ್ಲ ಅರ್ಥವಾಯಿತು.

"ಅಯ್ಯೋ ಪಾಪ" ಅಂದ. "ಓದೀ ಓದೀ ಇಂಗ್ಲೀಸೊಂದೇ ಉಳ್ಕೊಂಡೈತೆ."

ಸ್ಲೇಟು

ಮಾತಿಗೆ ಬದಲು ಬರೆದು ತೋರಿಸೋಣ ಅಂತ ಸ್ಕೂಲಿನಿಂದ ಒಂದು ಸ್ಲೇಟು, ಬಳಪ ತಂದಿದ್ದೆ. ಆ ಊರಿನಲ್ಲಿ ಓದು ಬರುತ್ತಿದ್ದದ್ದು ಇಬ್ಬರಿಗೇ, ಒಬ್ಬ ನಾನು, ಇನ್ನೊಬ್ಬ ನನ್ನ ಗೆಳೆಯ ಅನ್ನುವುದು ಮೊದಲ ದಿನದ ಊಟದಲ್ಲಿ ತಿಳಿಯಿತು.

ದೊಡ್ಡಮ್ಮನದು ದೊಡ್ಡ ಕೈ. ಅವರು ಕಟ್ಟಿದ ಮುದ್ದೆ ಒಂದನ್ನು ನಮ್ಮ ಮನೆಯಲ್ಲಾದರೆ ಇಬ್ಬರು ಹಂಚಿಕೊಳ್ಳುತ್ತಿದ್ದರು. ಅಂಥವು ಎರಡು ಮುಗಿಸಿದೆ. ಮೂರನೆಯದು ಬರುತ್ತಿರುವುದು ಕಂಡು, "ಸಾಕು ತಾಯಿ, ಹೊಟ್ಟೆ ತುಂಬಿದೆ" ಅಂತ ಬರೆದು ಹಿಡಿದೆ. ದೊಡ್ಡಮ್ಮ ಕೈ ಒರೆಸಿಕೊಂಡು ಸ್ಲೇಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಅಕ್ಷರ ಅಂದರೆ ಅವರಿಗೆ ಅಷ್ಟು ಭಕ್ತಿ.

"ಏನು ಬರ್ದವ್ರಪ್ಪಾ ಮೇಷ್ಟ್ರು?" ಅಂತ ಗೆಳೆಯನನ್ನು ಕೇಳಿದರು.

"ಇಂಥ ಸಾರು ತಮ್ಮನೇಲಿ ಕಂಡೇ ಇಲ್ವಂತೆ ದೊಡ್ಡಮ್ಮ. ಇನ್ನೊಂದು ಮುದ್ದೆ ಬೇಕಂತೆ."

ನಾನು ಸ್ಲೇಟು ಕಿತ್ತುಕೊಂಡು ದಪ್ಪಗೆ "ಸುಳ್ಳು" ಅಂತ ಬರೆದೆ. ಅವನು ಓದಿ, "ಸಂಕೋಚ ಪಟ್ಕೊಂಡು ಒಂದು ಅಂದಿದ್ದಂತೆ, ಎರಡಾದ್ರೂ ಸರಿಯಂತೆ" ಅಂದ. ಆ ಮನೆಯಲ್ಲಿ ನಾನು ಏನು ಬರೆದರೂ ಅದರ ಅರ್ಥ ಅವನ ಬಾಯಲ್ಲಿತ್ತು. ಬೆಳಗ್ಗೆ ಆರಕ್ಕೆ ತಣ್ಣೀರು ಸ್ನಾನ ನನಗೆ ಇಷ್ಟ ಅಂತಲೂ ಒಂದು ದಿನ ಓದಿದ.

ನಾಲ್ಕನೇ ದಿನ ತಡೆಯಲಾರದೆ ಸ್ಲೇಟಿನ ಎರಡೂ ಮಗ್ಗುಲು ತುಂಬ ಅವನಿಗೆ ಬೈದು ಬರೆದೆ. ಅಯೋಗ್ಯ, ದಗಲ್ಬಾಜಿ, ಕಂಡವರ ಬಾಯಲ್ಲಿ ತನ್ನ ಮಾತು ತುರುಕುವ ಭಂಡ, ಒಂದನ್ನೂ ಬಿಡಲಿಲ್ಲ. ಅವನು ಸಾವಧಾನವಾಗಿ ಪೂರ್ತಿ ಓದಿದ. ದೊಡ್ಡಮ್ಮ ಕುತೂಹಲದಿಂದ ಕಾದಿದ್ದರು.

"ಬಿಡಿ ದೊಡ್ಡಮ್ಮ" ಅಂದ. "ನನ್ನನ್ನ ಅಷ್ಟೊಂದು ಹೊಗಳಿದಾನೆ, ಜೋರಾಗಿ ಓದೋಕೆ ನಂಗೇ ನಾಚಿಕೆ."

ಹಿತಕವರೆ

ಅದು ಅವರೆಕಾಯಿಯ ಕಾಲ. ರಾತ್ರಿ ನೆನೆಹಾಕಿದ ಕಾಳನ್ನು ಮಾರನೆಯ ದಿನ ಹಿತ್ತಿಲ ಬಿಸಿಲಲ್ಲಿ ಕೂತು ಎರಡು ಬೆರಳಲ್ಲಿ ಹಿಸುಕಿದರೆ ಬೇಳೆ ಪುಸಕ್ಕಂತ ಹೊರಗೆ ಬರುತ್ತೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲೇ ಸೇರುತ್ತಿದ್ದರು. ನಾನೂ ಒಂದು ಮೂಲೆಯಲ್ಲಿ ಕೂತು ಹಿಸುಕುತ್ತಿದ್ದೆ. ಮಾತು ಬರದವನ ಮುಂದೆ ಮುಚ್ಚುಮರೆ ಯಾಕೆ ಅಂತ ಅವರಿಗೆ ಧೈರ್ಯ.

ಪಕ್ಕದ ಮನೆಯ ಸೊಸೆ ಒಂದು ದಿನ ನನ್ನ ಹತ್ತಿರಕ್ಕೆ ಜರುಗಿ, "ನೋಡಿ ಮೇಷ್ಟ್ರೇ, ನಮ್ಮತ್ತೆ ಬೆಲ್ಲದ ಗಡಿಗೇನ ಅಟ್ಟದ ಮೇಲಿಟ್ಟವಳೆ, ನಂಗೆ ಎಟುಕಬಾರ್ದು ಅಂತ. ನಾನೇನು ಕಳ್ಳೀನಾ?" ಅಂತ ಕಣ್ಣೊರೆಸಿಕೊಂಡಳು. ತಲೆಯಾಡಿಸಿದೆ. ಅವಳು ಎದ್ದುಹೋದ ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. "ಇರುವೆ ಕಾಟಕ್ಕೆ ಗಡಿಗೇನ ಅಟ್ಟಕ್ಕಿಟ್ಟೆ ಮೇಷ್ಟ್ರೇ. ಈಗ ನಂಗೇ ಎಟುಕಲ್ಲ. ಇಳಿಸಿಕೊಡು ಅನ್ನಾನ ಅಂದ್ರೆ ಆ ಹುಡುಗಿ ಮುಖ ಊದಿಸ್ಕೊಂಡವಳೆ. ಎಂಟು ದಿನದಿಂದ ಮನೇಲಿ ಬೆಲ್ಲ ಇಲ್ಲ." ಅದಕ್ಕೂ ತಲೆಯಾಡಿಸಿದೆ.

ಎರಡೂ ಕಡೆಯದು ಗೊತ್ತಿದ್ದೂ ಬಾಯಿ ಬಿಡಲಾಗದ ಸಂಕಟ ನನಗೊಬ್ಬನಿಗೆ ಗೊತ್ತು. ಕೊನೆಗೆ ಎದ್ದು ನೇರ ಅವರ ಮನೆಗೆ ಹೋಗಿ, ಒರಳಿನ ಮೇಲೆ ಹತ್ತಿ ಗಡಿಗೆ ಇಳಿಸಿ, ಅತ್ತೆ ಸೊಸೆ ನಡುವೆ ಇಟ್ಟು ಬಂದೆ. ಇಬ್ಬರೂ ಗಡಿಗೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತು ಆ ಮನೆಯಿಂದ ನನಗೆ ಬೆಲ್ಲದ ಪಾನಕ ಬಂತು. ಹನ್ನೆರಡು ವರ್ಷ ಕೂಗಿ ಪಾಠ ಹೇಳಿದರೂ ಯಾರೂ ನನ್ನ ಮಾತು ಇಷ್ಟು ಬೇಗ ಕೇಳಿರಲಿಲ್ಲ.

ಮಾರನೆಯ ದಿನ ಅತ್ತೆ ಸೊಸೆ ಜೊತೆಯಲ್ಲೇ ಬಂದು, ನನ್ನ ಎರಡೂ ಮಗ್ಗುಲಿಗೆ ಕೂತು, ಮಾವನ ಮೇಲೆ ದೂರು ಹೇಳಿದರು.

ಹರಕೆ

ಡಾಕ್ಟರು ಮಾತಾಡಬೇಡ ಅಂದಿದ್ದಾರೆ, ಅದಕ್ಕೇ ಸುಮ್ಮನಿದ್ದಾನೆ ಅಂತ ಗೆಳೆಯ ದೊಡ್ಡಮ್ಮನಿಗೆ ಹೇಳದೇ ಇರಲಿಲ್ಲ. ಇದೊಂದನ್ನು ಅವನು ನಿಜವಾಗಿ ಹೇಳಿದ್ದ. ಅದೊಂದನ್ನು ಅವರು ನಂಬಲಿಲ್ಲ. "ಮಾತು ಬರೋ ಮನುಷ್ಯ ಯಾವನಾನ ಸುಮ್ನಿರ್ತಾನೇನೋ? ನಂಗೆ ಬೇಜಾರಾಗ್ತದೆ ಅಂತ ಹಂಗಂತೀಯ" ಅಂದರು. ನಾನು ಹುಟ್ಟುಮೂಗ ಅಂತಲೇ ಅವರ ತೀರ್ಮಾನ. ಮೂಗನನ್ನು ಮೇಷ್ಟ್ರು ಯಾಕೆ ಮಾಡಿದರು ಅಂತ ಮಾತ್ರ ಅವರಿಗೆ ಬಗೆಹರಿಯಲಿಲ್ಲ.

ಊರಿಗೆ ಊರೇ ನನ್ನ ಗಂಟಲಿಗೆ ಬಿತ್ತು. ಬೆಳಗ್ಗೆ ಮೆಣಸಿನ ಕಷಾಯ, ಮಧ್ಯಾಹ್ನ ಬಜೆ ತೇಯ್ದು ಜೇನುತುಪ್ಪ, ಸಂಜೆ ಶುಂಠಿ. ಮೇಕೆ ಕಾಯುವ ಮುದುಕ ಯಾವುದೋ ಬೇರು ತಂದು ಅಗಿಯಿರಿ ಅಂದ. ಯಾವುದನ್ನೂ ಬೇಡ ಅನ್ನಲು ನನಗೆ ಬಾಯಿರಲಿಲ್ಲ.

ಒಂದು ದಿನ ಕೋಲಾರದ ಸಂತೆಗೆ ಹೋಗಿ ಬಂದವನೊಬ್ಬ ಗೆಳೆಯನಿಗೆ, "ಏನ್ಲಾ, ಸಂಕ್ರಾಂತಿ ಎದುರಿಗಿಟ್ಕೊಂಡು ಅಂಗಡಿ ಬಾಗಿಲು ಹಾಕಿದ್ದೀಯ? ನಿನ್ನ ಗಿರಾಕಿಗಳೆಲ್ಲ ಬೇರೆ ದರ್ಜಿ ಹತ್ರ ಹೋದ್ರು" ಅಂದ. ನಾನು ಗೆಳೆಯನ ಮುಖ ನೋಡಿದೆ. ದರ್ಜಿಗೆ ವರ್ಷಕ್ಕೆ ಸಿಗುವ ದೊಡ್ಡ ಸುಗ್ಗಿ ಅದು. ಅದನ್ನು ನನಗೋಸ್ಕರ ಬಿಟ್ಟು ಬಂದಿದ್ದ, ಒಂದು ಮಾತೂ ಹೇಳಿರಲಿಲ್ಲ. ಮಾತಿನ ಮಲ್ಲ ಬಚ್ಚಿಟ್ಟ ಮಾತು ಅದೊಂದೇ ಇರಬೇಕು.

"ನೀನು ಸುಮ್ಮನಿರು" ಅಂದ ನನಗೆ. ನಾನು ಸುಮ್ಮನೇ ಇದ್ದೆ.

ಅವತ್ತೇ ಸಂಜೆ ದೊಡ್ಡಮ್ಮ ಬೆಟ್ಟದಮ್ಮನ ಗುಡಿಗೆ ನನ್ನ ಕೈ ಹಿಡಿದು ಕರೆದೊಯ್ದರು. "ಈ ಮಗೀಗೆ ಮಾತು ಕೊಡು ತಾಯಿ. ಇವನ ತಲೆ ಮೇಲೇ ತಂಬಿಟ್ಟಿನಾರತಿ ಹೊರಿಸ್ತೀನಿ" ಅಂತ ಹರಕೆ ಕಟ್ಟಿಕೊಂಡರು. ಅಕ್ಕಿಹಿಟ್ಟು ಬೆಲ್ಲದ ತಂಬಿಟ್ಟನ್ನು ಗೋಪುರದ ಹಾಗೆ ಕಟ್ಟಿ, ನೆತ್ತಿಯಲ್ಲಿ ಕುಳಿ ಮಾಡಿ, ದೀಪ ಹಚ್ಚಿ, ಹೂ ಸುತ್ತಿ ತಲೆ ಮೇಲೆ ಹೊತ್ತು ಹೋಗುವುದು ನಮ್ಮ ಸೀಮೆಯಲ್ಲಿ ಹೆಂಗಸರ ಸೇವೆ. ಮೀಸೆ ಹೊತ್ತವರು ಅದನ್ನು ಹೊತ್ತದ್ದು ನಾನು ಕಂಡಿರಲಿಲ್ಲ. ಗಾಬರಿಯಿಂದ ಸ್ಲೇಟಿನ ಮೇಲೆ "ಗಂಡಸರು ಹೊರೋದಿಲ್ಲ" ಅಂತ ಬರೆದೆ.

ಗೆಳೆಯ ಓದಿದ. "ಎರಡು ಹೊರ್ತಾನಂತೆ ದೊಡ್ಡಮ್ಮ."

ಮೇಕೆ

ಮೂರು ವಾರ ಮುಗಿಯಿತು. ಬೆಳಗ್ಗೆ ಎದ್ದರೆ ಊರೆಲ್ಲ ಮಂಜು. ಇನ್ನು ಮಾತಾಡಬಹುದು, ಆದರೆ ನನಗೆ ಧೈರ್ಯ ಬರಲಿಲ್ಲ. ಬಾಯಿ ತೆರೆದು ದನಿ ಬರದಿದ್ದರೆ ಅಲ್ಲಿಗೆ ಮುಗಿಯಿತು. ತೆರೆಯದೇ ಇರುವವರೆಗೆ ನಾನಿನ್ನೂ ಮೇಷ್ಟ್ರು. ಎರಡರ ಮಗ್ಗಿ ಹೇಳಿ ನೋಡೋಣ ಅಂತ ಜಗಲಿಯ ಮೇಲೆ ಕೂತೆ. ಎರಡೊಂದ್ಲ ಅನ್ನುವುದು ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು. ಚಳಿಗೆ ಅಂತ ನನಗೆ ನಾನೇ ಹೇಳಿಕೊಂಡೆ.

ದೊಡ್ಡಮ್ಮ ಒಂದು ಹಿತ್ತಾಳೆ ತಟ್ಟೆ ತಂದು ಜಗಲಿಯ ಆ ತುದಿಗಿಟ್ಟು ಹೂ ತರಲು ಒಳಗೆ ಹೋದರು. ತಟ್ಟೆಯಲ್ಲಿ ಎರಡು ತಂಬಿಟ್ಟಿನ ಗೋಪುರ. ನನಗಿನ್ನೂ ಮಾತು ಬಂದಿಲ್ಲ, ಬರುತ್ತೋ ಇಲ್ಲವೋ ಗೊತ್ತಿಲ್ಲ, ಆ ತಾಯಿ ಆಗಲೇ ಹಿಟ್ಟು ಕುಟ್ಟಿ, ಬೆಲ್ಲ ಕಲಸಿ, ಹರಕೆ ತೀರಿಸಲು ಸಿದ್ಧವಾಗಿಬಿಟ್ಟಿದ್ದರು. ನನ್ನ ಹೆತ್ತವರೂ ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದರೋ ಇಲ್ಲವೋ.

ಅಷ್ಟರಲ್ಲಿ ಮಂಜಿನೊಳಗಿಂದ ಮುದುಕನ ಮೇಕೆಯೊಂದು ಬಂತು. ಮುಂಗಾಲು ಎರಡನ್ನೂ ಜಗಲಿಗೆ ಕೊಟ್ಟು ತಟ್ಟೆ ಮೂಸಿತು. ಬಾಯಿ ತೆರೆಯಿತು.

"ದೊಡ್ಡಮ್ಮಾ, ಮೇಕೆ!"

ಯಾರೋ ಕೂಗಿದರು. ನಾನೇ. ಹನ್ನೆರಡು ವರ್ಷ ಭೂಗೋಳವನ್ನು ಮೀರಿಸಿದ ಅದೇ ದನಿ. ಎದುರಿನ ಬಂಡೆಗೆ ಬಡಿದು "ಮೇಕೆ, ಮೇಕೆ" ಅಂತ ವಾಪಸ್ಸೂ ಬಂತು. ಮೇಕೆ ಓಡಿಹೋಯಿತು. ಗೆಳೆಯ ಕಂಬಳಿ ಸಮೇತ ಎದ್ದು ಬಂದು, ಆಡಲು ಮಾತು ಸಿಗದೆ ನಿಂತ. ದೊಡ್ಡಮ್ಮ ಹೊರಗೆ ಬಂದವರು ಮೇಕೆಯನ್ನೂ ನೋಡಲಿಲ್ಲ, ತಂಬಿಟ್ಟನ್ನೂ ನೋಡಲಿಲ್ಲ. ನನ್ನ ಕೆನ್ನೆ ಹಿಡಿದುಕೊಂಡು, "ನನ್ನೇ ಕರ್ದನಲ್ಲೋ, ಮೊದ್ಲು ನನ್ನೇ ಕರ್ದ" ಅಂತ ಅತ್ತರು. ನಾನೂ ಅತ್ತೆ.

ಆರತಿ ಹೊತ್ತೆ. ಎರಡನ್ನೂ. ಮುಂದೆ ಐದಾರು ಹೆಂಗಸರು, ನಡುವೆ ಮೀಸೆ ಮೇಷ್ಟ್ರು, ಹಿಂದೆ ಹೊಟ್ಟೆ ಹಿಡಿದುಕೊಂಡು ನಗುವ ದರ್ಜಿ. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ದನಿ ತಂದುಕೊಟ್ಟದ್ದು ಡಾಕ್ಟರ ಮೂರು ವಾರವೋ, ದೊಡ್ಡಮ್ಮನ ಕಷಾಯವೋ, ಬೆಟ್ಟದಮ್ಮನೋ ನಾನು ವಾದಿಸಲು ಹೋಗೋಲ್ಲ. ಎಲ್ಲರಿಗೂ ಕೈ ಮುಗಿದಿದ್ದೇನೆ. ಮೇಕೆಗೂ ಒಂದು ಹಿಡಿ ತಂಬಿಟ್ಟು ಕೊಟ್ಟೆ.

ಅಲ್ಲಿಂದ ಶುರುವಾದ ನನ್ನ ಮಾತು ನಿಲ್ಲಲಿಲ್ಲ. ಮೂರು ವಾರದ್ದು ಒಳಗೆ ಸೇರಿಕೊಂಡಿತ್ತಲ್ಲ. ನಾನು ಹುಟ್ಟುಮೂಗ ಅಲ್ಲ ಅಂದೆ, ಸ್ಲೇಟಿನಲ್ಲಿ ನಿಜವಾಗಿ ಬರೆದದ್ದೆಲ್ಲ ಒಂದೊಂದಾಗಿ ಹೇಳಿದೆ, ಹೆಂಡತಿ ಮಕ್ಕಳ ವಿಷಯ, ಸ್ಕೂಲಿನ ವಿಷಯ, ಪಕ್ಕದ ಮೇಷ್ಟ್ರ ಭೂಗೋಳ ಹೇಳಿದೆ. ನಿಮ್ಮ ಉಪಕಾರ ಈ ಜನ್ಮಕ್ಕೆ ಮರೆಯೋಲ್ಲ ಅಂತ ಹತ್ತು ಥರದಲ್ಲಿ ಹೇಳಿದೆ. ಊಟ ಮಾಡುತ್ತಾ ಹೇಳಿದೆ, ಗಂಟು ಕಟ್ಟುತ್ತಾ ಹೇಳಿದೆ. ಊರ ಮುಂದಿನ ಬಂಡೆವರೆಗೂ ಅವರು ನಮ್ಮನ್ನು ಬೀಳ್ಕೊಡಲು ಬಂದರು. ಅಲ್ಲಿವರೆಗೂ ಹೇಳಿದೆ, ಅಲ್ಲಿ ನಿಂತು ಇನ್ನೂ ಸ್ವಲ್ಪ ಹೇಳಿದೆ. ದೊಡ್ಡಮ್ಮ ಎಲ್ಲಕ್ಕೂ ತಲೆಯಾಡಿಸಿದರು.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವರು ಗೆಳೆಯನನ್ನು ಪಕ್ಕಕ್ಕೆ ಕರೆದರು. "ಮಾತು ಕೊಡು ತಾಯಿ ಅಂತ ಕೇಳ್ಕೊಂಡ್ನಲ್ಲ ಮಗಾ" ಅಂದರು ಮೆಲ್ಲಗೆ. "ಎಷ್ಟು ಅಂತ ಹೇಳೋದು ಮರ್ತೋಯ್ತು ಕಣೋ."